ಅಥೆನ್ಸೋ, ಲಂಡನ್ನೋ, ಉತ್ತರಮೇರೂರೋ: ನಮ್ಮ ಪ್ರಜಾಪ್ರಭುತ್ವ ಸರ್ಕಾರದ ಯಾವ ಭಾಗ ಎಲ್ಲಿಂದ ಬಂತು?

ಬಯಲುಸೀಮೆ

ಪಠ್ಯಪುಸ್ತಕದ ಒಂದು ಪುಟದಲ್ಲಿ ಪ್ರಜಾಪ್ರಭುತ್ವದ ತವರು ಅಥೆನ್ಸ್ ಅಂತ ಇರುತ್ತೆ. ಮುಂದಿನ ಪುಟದಲ್ಲಿ ಮ್ಯಾಗ್ನಾ ಕಾರ್ಟಾ. ವಾಟ್ಸಾಪ್ ತೆರೆದರೆ ತಮಿಳುನಾಡಿನ ಉತ್ತರಮೇರೂರು ಶಾಸನದ ಫೋಟೊ. ಯಾರು ಮೊದಲು ಅನ್ನೋ ಜಗಳ ಬೇಡ. ಈಗ ನಮ್ಮ ವಿಧಾನಸಭೆಯಲ್ಲಿ, ಮತಗಟ್ಟೆಯಲ್ಲಿ, ಕೋರ್ಟಿನಲ್ಲಿ ನಡೆಯೋ ಕೆಲಸಗಳಲ್ಲಿ ಯಾವುದು ಎಲ್ಲಿಂದ ಬಂತು ಅಂತ ದಾಖಲೆ ಹಿಡಿದು ತೋರಿಸೋಕೆ ಆಗುತ್ತಾ? ಹೋಲಿಕೆ ಬೇರೆ, ಕೊಂಡಿ ಬೇರೆ. ಕೊಂಡಿ ಇದ್ದರೆ ಕೊಂಡಿ ಅನ್ನಿ, ಬರೀ ಹೋಲಿಕೆ ಆದರೆ ಹಾಗಂತಲೇ ಹೇಳಿಬಿಡಿ.

ಕರಡುಪ್ರತಿ

ಕೊಂಡಿ ಬೇಕು ಅಂದರೆ ಹಣದಿಂದ ಶುರು ಮಾಡಬೇಕು. ಮತದಾನ ಈ ಇತಿಹಾಸಕ್ಕೆ ಬಹಳ ತಡವಾಗಿ ಬಂದು ಸೇರಿಕೊಂಡದ್ದು.

1215ರ ಜೂನ್ 15ರಂದು ರನ್ನಿಮೀಡ್‌ನಲ್ಲಿ ಇಂಗ್ಲೆಂಡಿನ ಜಾನ್ ದೊರೆ ಒಪ್ಪಿದ ಮ್ಯಾಗ್ನಾ ಕಾರ್ಟಾ ಸನದಿನಲ್ಲಿ ಎಲ್ಲರೂ ಎತ್ತಿ ಹೇಳುವುದು 39ನೇ ಕಲಮನ್ನು, ಅಂದರೆ ನೆಲದ ಕಾನೂನು ಬಿಟ್ಟು ಯಾರನ್ನೂ ಸೆರೆಗೆ ಹಾಕಬಾರದು ಅನ್ನುವುದನ್ನು. ಸರ್ಕಾರದ ರಚನೆಗೆ ಬೇಕಾದವು 12 ಮತ್ತು 14. ರಾಜ್ಯದ ಸಾಮಾನ್ಯ ಸಮ್ಮತಿಯಿಲ್ಲದೆ ದೊರೆ ವಿಶೇಷ ತೆರಿಗೆ ಎತ್ತುವಂತಿಲ್ಲ ಎನ್ನುತ್ತದೆ 12. ಮೂರಕ್ಕೆ ಮಾತ್ರ ವಿನಾಯಿತಿ: ದೊರೆಯೇ ಸೆರೆಸಿಕ್ಕರೆ ಬಿಡಿಸಿಕೊಳ್ಳುವ ಹಣ, ಹಿರಿಯ ಮಗನಿಗೆ ನೈಟ್ ಪದವಿ, ಹಿರಿಯ ಮಗಳ ಒಂದು ಮದುವೆ. ಆ ಸಮ್ಮತಿಯನ್ನು ಹೇಗೆ ಪಡೆಯಬೇಕು ಅನ್ನುವುದು 14ರಲ್ಲಿದೆ. ದೊಡ್ಡ ಸಾಮಂತರಿಗೆ, ಬಿಷಪ್ಪರಿಗೆ ಒಬ್ಬೊಬ್ಬರಿಗೂ ಪತ್ರ, ಉಳಿದವರಿಗೆ ಶೆರಿಫ್ ಮೂಲಕ ಕರೆ. ಕನಿಷ್ಠ 40 ದಿನ ಮುಂಚಿತವಾಗಿ ತಿಳಿಸಬೇಕು, ದಿನ ಮತ್ತು ಜಾಗ ಹೇಳಬೇಕು, ಕರೆದ ಕಾರಣ ಪತ್ರದಲ್ಲೇ ಇರಬೇಕು. ಬಾರದವರಿಗಾಗಿ ಕೆಲಸ ನಿಲ್ಲಿಸುವಂತಿಲ್ಲ. ನೋಟಿಸು, ಕಾರ್ಯಸೂಚಿ, ಹಾಜರಿದ್ದವರ ತೀರ್ಮಾನ ಮೂರೂ ಅಲ್ಲಿ ಆಗಲೇ ಇವೆ.

ಅದೇ ಆಗಸ್ಟಿನಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಸನದನ್ನು ರದ್ದುಮಾಡಿದ. 1216ರಲ್ಲಿ ಮತ್ತೆ ಹೊರಡಿಸಿದಾಗ 12ನ್ನೂ 14ನ್ನೂ ಕೈಬಿಟ್ಟಿದ್ದರು. ಪಠ್ಯಪುಸ್ತಕಗಳು ಇದನ್ನು ಹೇಳುವುದೇ ಇಲ್ಲ. ಕಲಮು ಹೋದರೂ ಪದ್ಧತಿ ಉಳಿಯಿತು, ಯಾಕೆಂದರೆ ದೊರೆಗೆ ಹಣದ ಅಗತ್ಯ ತಪ್ಪಲಿಲ್ಲ. 1225ರಲ್ಲಿ ಸನದನ್ನು ಇನ್ನೊಮ್ಮೆ ಕೊಟ್ಟಿದ್ದೇ ಚರಾಸ್ತಿಯ 15ನೇ ಒಂದು ಭಾಗದ ತೆರಿಗೆಗೆ ಬದಲಾಗಿ. ಮೊದಲು ನಮ್ಮ ಅಹವಾಲು ತೀರಿಸು, ಆಮೇಲೆ ಹಣ ಕೊಡುತ್ತೇವೆ ಎಂಬ ಕೊಡು-ಕೊಳ್ಳು ಹಾಗೆ ನೆಲೆಯೂರಿತು. 1265ರ ಜನವರಿಯಲ್ಲಿ ದೊರೆಯ ವಿರುದ್ಧ ಬಂಡೆದ್ದ ಸಾಮಂತ ಸೈಮನ್ ಡಿ ಮಾಂಟ್‌ಫರ್ಟ್ ಕೌಂಟಿಗೆ ಇಬ್ಬರು ನೈಟ್‌ಗಳ ಜೊತೆ ಪಟ್ಟಣಗಳ ಪ್ರತಿನಿಧಿಗಳನ್ನೂ ಕರೆಸಿದ. 1407ರ ಹೊತ್ತಿಗೆ ಹಣದ ಮಂಜೂರಾತಿ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಿಂದಲೇ ಹೊರಡಬೇಕೆಂದು ದೊರೆ ಒಪ್ಪಿಕೊಂಡಾಗಿತ್ತು.

ಇದು ಮುರಿದು ಬಿದ್ದದ್ದು ಹೇಗೆ ಅನ್ನುವುದನ್ನೂ ನೋಡಬೇಕು. 1629ರಿಂದ 11 ವರ್ಷ ಒಂದನೇ ಚಾರ್ಲ್ಸ್ ಪಾರ್ಲಿಮೆಂಟನ್ನೇ ಕರೆಯಲಿಲ್ಲ. ಕರಾವಳಿ ಊರುಗಳಿಗೆ ಮಾತ್ರ ಇದ್ದ ಹಡಗು ತೆರಿಗೆಯನ್ನು 1635ರಲ್ಲಿ ಒಳನಾಡಿಗೂ ಹಚ್ಚಿದ. ಜಾನ್ ಹ್ಯಾಂಪ್ಡನ್ 20 ಶಿಲಿಂಗ್ ಕಟ್ಟಲು ಒಪ್ಪದೆ ಕೋರ್ಟಿಗೆ ಹೋದ. 1638ರಲ್ಲಿ 12 ನ್ಯಾಯಾಧೀಶರಲ್ಲಿ 7 ಜನ ದೊರೆಯ ಪರ ನಿಂತರು, 5 ಜನ ವಿರುದ್ಧ. ಗೆದ್ದರೂ ವಸೂಲಿ ಕುಸಿಯಿತು. 1640ರಲ್ಲಿ ಸ್ಕಾಟ್ಲೆಂಡಿನ ಯುದ್ಧಕ್ಕೆ ದುಡ್ಡಿಲ್ಲದೆ ಪಾರ್ಲಿಮೆಂಟ್ ಕರೆಯಲೇಬೇಕಾಯಿತು. ಅಲ್ಲಿಂದ ಅಂತರ್ಯುದ್ಧ, 1649ರ ಜನವರಿ 30ರಂದು ದೊರೆಯ ಶಿರಚ್ಛೇದ.

1689ರ ಹಕ್ಕುಗಳ ಮಸೂದೆ ಇದನ್ನೆಲ್ಲ ಬರಹಕ್ಕೆ ಇಳಿಸಿತು: ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ತೆರಿಗೆ ಇಲ್ಲ, ಶಾಂತಿಕಾಲದಲ್ಲಿ ಖಾಯಂ ಸೇನೆಯೂ ಇಲ್ಲ, ಸದನದಲ್ಲಿ ಆಡಿದ ಮಾತನ್ನು ಕೋರ್ಟು ಪ್ರಶ್ನಿಸುವಂತಿಲ್ಲ. ಸೇನೆಯ ಶಿಸ್ತಿನ ಮ್ಯೂಟಿನಿ ಕಾಯ್ದೆಗೆ ಬೇಕೆಂದೇ ಅಲ್ಪಾಯುಸ್ಸು ಕೊಟ್ಟರು. ಮುಂದೆ ಅದನ್ನು ವರ್ಷಕ್ಕೊಮ್ಮೆ ನವೀಕರಿಸುವುದು ವಾಡಿಕೆಯಾಯಿತು. ದೊರೆ ವರ್ಷಕ್ಕೊಮ್ಮೆಯಾದರೂ ಸದನ ಕರೆಯಲೇಬೇಕಾಗಿ ಬಂದದ್ದು ಹೀಗೆ.

ನಮ್ಮ ಸಂವಿಧಾನದಲ್ಲಿ 265ನೇ ವಿಧಿ: ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಇಲ್ಲ. 204(3): ಧನವಿನಿಯೋಗ ಕಾಯ್ದೆ ಇಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿಯೂ ಹೊರಬರುವಂತಿಲ್ಲ. ಸದನದ ಮಾತಿಗೆ ರಕ್ಷಣೆ ಕೊಡುವುದು 105 ಮತ್ತು 194. ನೀವು ಕೇಳಿದ ದಾಖಲೆಯೂ ಅಲ್ಲೇ ಇದೆ. 105(3), 194(3)ರ ಮೂಲ ಪಾಠದಲ್ಲಿ ಸದಸ್ಯರ ಹಕ್ಕುಬಾಧ್ಯತೆಗಳು ಬ್ರಿಟನ್ನಿನ ಕಾಮನ್ಸ್ ಸಭೆಗೆ ಇರುವಂಥವೇ ಎಂದು ಹೆಸರು ಹಿಡಿದೇ ಬರೆದಿದ್ದರು. 1978ರ 44ನೇ ತಿದ್ದುಪಡಿ ಆ ಉಲ್ಲೇಖವನ್ನು ತೆಗೆಯಿತು.

ಬಯಲುಸೀಮೆ

ಹಾಗಾದರೆ ಒಬ್ಬ ಶಾಸಕರ ಕೈಯಲ್ಲಿ ಈ ಹಿಡಿತ ಇವತ್ತು ಯಾವ ರೂಪದಲ್ಲಿ ಇದೆ? ಬಜೆಟ್ ಭಾಷಣ ಕೇಳಿ ಮೇಜು ಕುಟ್ಟೋದು ಬಿಟ್ಟರೆ?

ಕರಡುಪ್ರತಿ

ಕಡಿತ ಸೂಚನೆ, ಅಂದರೆ ಇಲಾಖೆಯೊಂದು ಕೇಳುವ ಹಣದ ಬೇಡಿಕೆಯನ್ನು ಇಳಿಸಿ ಎಂಬ ಸೂಚನೆ. ಸಂಸತ್ತಿನ ನಿಯಮಗಳಲ್ಲಿ ಮೂರು ಬಗೆ. ಇಲಾಖೆಯ ನೀತಿಯೇ ಬೇಡ ಅನ್ನುವುದಾದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನುವುದು. ಖರ್ಚು ಜಾಸ್ತಿ ಅನಿಸಿದರೆ ಇಷ್ಟು ಮೊತ್ತ ಕಡಿಮೆ ಮಾಡಿ ಎನ್ನುವುದು. ಒಂದು ನಿರ್ದಿಷ್ಟ ಕುಂದುಕೊರತೆ ಎತ್ತಬೇಕಾದರೆ 100 ರೂಪಾಯಿ ಕಡಿತ. ಈ ಮೂರನೆಯದು 1225ರ ಕೊಡು-ಕೊಳ್ಳಿನ ಸಾಕ್ಷಾತ್ ಸಂತತಿ: ಹಣ ಕೊಡುವ ಹೊತ್ತಿನಲ್ಲೇ ಅಹವಾಲು. ಸರ್ಕಾರದ ಒಪ್ಪಿಗೆ ಇಲ್ಲದೆ ಒಂದು ಕಡಿತ ಅಂಗೀಕಾರವಾದರೂ ಸರ್ಕಾರಕ್ಕೆ ಬಹುಮತ ಇಲ್ಲ ಎಂದೇ ಅರ್ಥ.

ಹಣ ಹೆಚ್ಚಿಸಿ ಅನ್ನುವ ಅಧಿಕಾರ ಮಾತ್ರ ಶಾಸಕರಿಗಿಲ್ಲ. 203(3)ರ ಪ್ರಕಾರ ರಾಜ್ಯಪಾಲರ ಶಿಫಾರಸು ಇದ್ದರಷ್ಟೇ ಬೇಡಿಕೆ ಮಂಡನೆ. ಇದರ ಬೇರು ಕಾಮನ್ಸ್ ಸಭೆಯ 1713ರ ಸ್ಥಾಯಿ ಆದೇಶ. ಸದಸ್ಯರು ತಮ್ಮ ತಮ್ಮ ಊರಿಗೆ, ಕಡೆಯವರಿಗೆ ಹಣ ಕೊಡಿಸುವ ಅರ್ಜಿಗಳನ್ನು ಒಂದರ ಮೇಲೊಂದು ತಂದಾಗ ಮಾಡಿಕೊಂಡ ಕಟ್ಟು ಅದು.

ಎಡವುವುದು ಸಮಯದಲ್ಲಿ. ಬೇಡಿಕೆಗಳಿಗೆ ಇಟ್ಟ ದಿನಗಳು ಮುಗಿದರೆ ಸ್ಪೀಕರ್ ಉಳಿದವನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಮತ ಬೀಳುತ್ತದೆ, ಚರ್ಚೆ ಇರುವುದಿಲ್ಲ. ಗದ್ದಲದಲ್ಲಿ ಕಳೆದ ಒಂದೊಂದು ದಿನವೂ ಯಾವುದೋ ಇಲಾಖೆಯನ್ನು ಪ್ರಶ್ನೆಯಿಂದ ಪಾರುಮಾಡುತ್ತದೆ. ನನ್ನ ಮಟ್ಟಿಗೆ ಈಗಿನ ಶಾಸನಸಭೆಗಳ ಅತಿ ದೊಡ್ಡ ನಷ್ಟ ಇದೇ.

ಹಳೇಮೈಸೂರು

ಕರಡುಪ್ರತಿ ಸರ್ ಹೇಳಿದ್ದಕ್ಕೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಒಳ್ಳೆಯ ಪುರಾವೆ. 1881ರ ಮಾರ್ಚ್ 25ಕ್ಕೆ ಬ್ರಿಟಿಷರು ಹತ್ತನೇ ಚಾಮರಾಜ ಒಡೆಯರಿಗೆ ರಾಜ್ಯ ಮರಳಿಸಿದರು. ಆಗಸ್ಟ್ 25ಕ್ಕೆ ದಿವಾನ್ ರಂಗಾಚಾರ್ಲು ಅವರ ಆಡಳಿತದ ಆದೇಶ, ಅಕ್ಟೋಬರ್ 7ಕ್ಕೆ ದಸರಾ ಹೊತ್ತಿನಲ್ಲಿ ಮೊದಲ ಸಭೆ. ಬಂದವರು 144 ಜನ. ಜಿಲ್ಲಾ ಲೋಕಲ್ ಫಂಡ್ ಬೋರ್ಡುಗಳು ತಾಲ್ಲೂಕುಗಳಿಂದ ಸಾಗುವಳಿ ಮಾಡುವ ಹಿಡುವಳಿದಾರರನ್ನು, ಜಿಲ್ಲೆಯಿಂದ ಕೆಲವು ಮುಖ್ಯ ವರ್ತಕರನ್ನು ಆರಿಸಿ ಕಳಿಸುವ ಏರ್ಪಾಡು.

ನಡೆಯುತ್ತಿದ್ದದ್ದು ಹೀಗೆ: ದಿವಾನರು ಹಿಂದಿನ ವರ್ಷದ ಆಡಳಿತದ ವರದಿ, ಜಮಾ-ಖರ್ಚು, ಮುಂದಿನ ಯೋಜನೆ ಓದುತ್ತಿದ್ದರು. ಸದಸ್ಯರು ತಮ್ಮ ಭಾಗದ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳುತ್ತಿದ್ದರು. ದಿವಾನರ ಉತ್ತರ ದಾಖಲಾಗುತ್ತಿತ್ತು. ಮತ ಹಾಕಿ ಖರ್ಚು ತಡೆಯುವ ಅಧಿಕಾರ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1892ರ ಕಾಯ್ದೆ ಬಜೆಟ್ ಬಗ್ಗೆ ಮಾತಾಡಲು ಬಿಟ್ಟಿದ್ದು ಈ ಸಭೆ ಶುರುವಾಗಿ 11 ವರ್ಷದ ಮೇಲೆ ಅನ್ನುವುದನ್ನು ನೆನೆದರೆ ರಂಗಾಚಾರ್ಲು ಅವರ ಹೆಜ್ಜೆ ಸಣ್ಣದಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1890ರ ದಶಕದ ಆರಂಭದಲ್ಲಿ, ಆಸ್ತಿ-ವಿದ್ಯಾರ್ಹತೆ ಇದ್ದವರಿಂದ ಚುನಾವಣೆಯೂ ಬಂತು. 1907ಕ್ಕೆ ನ್ಯಾಯವಿಧೇಯಕ ಸಭೆ, ಅಂದರೆ ಲೆಜಿಸ್ಲೇಟಿವ್ ಕೌನ್ಸಿಲ್. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯ್ದೆಯ ಬಲ ಸಿಕ್ಕಿ, ಹೊಸ ತೆರಿಗೆ ಹಾಕುವ ಮುಂಚೆ ಅದನ್ನು ಕೇಳಬೇಕೆಂಬ ನಿಯಮ ಆಯಿತು.

ಆದರೂ ಮಂತ್ರಿಗಳು ಸಭೆಗೆ ಹೊಣೆಯಾಗಲಿಲ್ಲ. ಅದಕ್ಕೆ 1947ರ ಮೈಸೂರು ಚಲೋ ಚಳವಳಿ ಬೇಕಾಯಿತು. ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಮಾತಾಡುವ ಹಕ್ಕಿಗೂ ಸರ್ಕಾರವನ್ನು ಇಳಿಸುವ ಹಕ್ಕಿಗೂ ನಡುವೆ ಇಲ್ಲಿ 66 ವರ್ಷ ಹಿಡಿಯಿತು.

ಅಗೋರಾ

ಹಣದ ದಾರಿ ಒಪ್ಪಿದೆ. ಆದರೆ ಅದು ಶ್ರೀಮಂತರು ದೊರೆಯನ್ನು ಕಟ್ಟಿಹಾಕಿದ ದಾರಿ. ಪ್ರಜೆಗಳೆಲ್ಲ ಸಮ ಅನ್ನುವುದು ಅದರೊಳಗೆ ಎಲ್ಲೂ ಇಲ್ಲ. ಅದಕ್ಕೆ ಅಥೆನ್ಸ್ ಕಡೆ ನೋಡಲೇಬೇಕು. ಮುಖ್ಯವಾಗಿ, ಅವರು ಹುದ್ದೆಗಳನ್ನು ಹಂಚಿದ್ದು ಬಹುತೇಕ ಚೀಟಿ ಎತ್ತಿ. ಅಲ್ಲಿನ ನಾಯಕ ಕ್ಲೈಸ್ತನೀಸ್ ಕ್ರಿ.ಪೂ. 508ರ ಸುಮಾರಿಗೆ ನಾಡನ್ನು 10 ಬಣಗಳಾಗಿ ಹೊಸದಾಗಿ ಕಲಸಿದ ಮೇಲೆ ಬಣಕ್ಕೆ 50ರಂತೆ 500 ಜನರ ಸಭೆ ನಡೆಯುತ್ತಿತ್ತು. ಒಬ್ಬ ಜೀವಮಾನದಲ್ಲಿ ಎರಡೇ ಸಲ ಅದರಲ್ಲಿ ಕೂರಬಹುದು. ಯುದ್ಧ ನಡೆಸುವ 10 ಸೇನಾಪತಿಗಳಂಥ ಕೆಲವು ಹುದ್ದೆಗಳಿಗೆ ಮಾತ್ರ ಚುನಾವಣೆ, ಅಲ್ಲಿ ನೈಪುಣ್ಯ ಬೇಕಲ್ಲ.

ನ್ಯಾಯಪಂಚರನ್ನು ಆರಿಸುತ್ತಿದ್ದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಭ್ರಷ್ಟಾಚಾರ ತಡೆಯಲು ಇಷ್ಟು ಎಚ್ಚರದಿಂದ ಕಟ್ಟಿದ ಯಂತ್ರ ಮುಂದೆ ಎಷ್ಟೋ ಶತಮಾನ ಇರಲಿಲ್ಲ. ವರ್ಷಕ್ಕೆ 30 ದಾಟಿದ 6,000 ಪೌರರ ಪಟ್ಟಿ. ಪ್ರತಿಯೊಬ್ಬನಿಗೂ ಹೆಸರು, ಊರು ಮತ್ತು ವರ್ಣಮಾಲೆಯ ಮೊದಲ 10 ಅಕ್ಷರಗಳಲ್ಲಿ ಒಂದನ್ನು ಕೊರೆದ ಫಲಕ. ಬಣಕ್ಕೆ ಎರಡು ಯಂತ್ರ, ಒಂದೊಂದರಲ್ಲೂ ಐದು ಕಂಬಸಾಲು, ಸಾಲಿಗೊಂದು ಅಕ್ಷರ. ಬೆಳಿಗ್ಗೆ ಬಂದವನು ತನ್ನ ಅಕ್ಷರದ ಪೆಟ್ಟಿಗೆಗೆ ಫಲಕ ಹಾಕುತ್ತಾನೆ. ಪೆಟ್ಟಿಗೆ ಅಲುಗಾಡಿಸಿ, ಒಂದೊಂದೇ ತೆಗೆದು ಸಾಲಿನ ಸೀಳುಗಳಿಗೆ ಮೇಲಿನಿಂದ ಕೆಳಗೆ ಸಿಕ್ಕಿಸುತ್ತಾರೆ. ಪಕ್ಕದ ಕೊಳವೆಗೆ ಕಪ್ಪು ಬಿಳಿ ದಾಳಗಳನ್ನು ಸುರಿಯುತ್ತಾರೆ. ಬೇಕಾದ ಪ್ರತಿ ಐದು ಪಂಚರಿಗೆ ಒಂದು ಬಿಳಿ. ದಾಳ ಬಿಳಿ ಬಂದರೆ ಆ ಅಡ್ಡಸಾಲಿನ ಐವರೂ ಒಳಗೆ, ಕಪ್ಪು ಬಂದರೆ ಐವರೂ ಮನೆಗೆ. ಅಲ್ಲಿಗೆ ಮುಗಿಯುವುದಿಲ್ಲ. ಒಳಬಂದವನು ಇನ್ನೊಂದು ಪಾತ್ರೆಯಿಂದ ಕೋರ್ಟಿನ ಗುರುತಿರುವ ಕಾಯಿ ಎತ್ತಬೇಕು, ಆ ಕೋರ್ಟಿನ ಬಾಗಿಲ ಬಣ್ಣದ್ದೇ ಕೋಲು ಹಿಡಿದು ಹೋಗಬೇಕು. ಬೇರೆ ಕೋರ್ಟಿಗೆ ನುಸುಳಿದರೆ ಕೋಲೇ ಹಿಡಿದುಕೊಡುತ್ತದೆ. ಇಂದು ಯಾವ ಮೊಕದ್ದಮೆ ಯಾರ ಮುಂದೆ ಅನ್ನುವುದು ವಿಚಾರಣೆಯ ಬೆಳಿಗ್ಗೆವರೆಗೆ ಯಾರಿಗೂ ತಿಳಿಯದು, ಹಾಗಾಗಿ ಲಂಚ ಯಾರಿಗೆ ಕೊಡಬೇಕೆಂದೂ ತಿಳಿಯದು.

ಮತ ಹಾಕಲು ಎರಡು ಕಂಚಿನ ಬಿಲ್ಲೆ. ಒಂದರ ನಡುವಿನ ಅಚ್ಚು ಪೊಳ್ಳು, ಇನ್ನೊಂದರದ್ದು ಗಟ್ಟಿ. ಹೆಬ್ಬೆರಳು ತೋರುಬೆರಳಿನಲ್ಲಿ ಅಚ್ಚಿನ ಎರಡೂ ತುದಿ ಮುಚ್ಚಿ ಹಿಡಿದರೆ ಪಕ್ಕದವನಿಗೂ ಕಾಣಿಸದು. ಲೆಕ್ಕಕ್ಕೆ ಬರುವುದು ಕಂಚಿನ ಪಾತ್ರೆಗೆ, ಉಳಿದದ್ದು ಮರದ ಪಾತ್ರೆಗೆ.

ಕೊಂಡಿ ಇದೆಯೇ ಅಂದರೆ, ಈ ಯಂತ್ರದ ಮಟ್ಟಿಗೆ ಇಲ್ಲ. ಈ ವಿವರಗಳಿರುವ ಪಪೈರಸ್ ಹಸ್ತಪ್ರತಿ ಈಜಿಪ್ಟಿನಿಂದ ಬಂದು ಅಚ್ಚಾದದ್ದೇ 1891ರಲ್ಲಿ. ಕಲ್ಲಿನ ತುಂಡುಗಳನ್ನು ಯಂತ್ರವೆಂದು ಗುರುತಿಸಿದ್ದು 1930ರ ದಶಕದಲ್ಲಿ. 1787ರಲ್ಲಿ ಅಮೆರಿಕದ ಸಂವಿಧಾನ ಬರೆಯಲು ಫಿಲಡೆಲ್ಫಿಯಾದಲ್ಲಿ ಕೂತವರ ಕೈಗೆ ಇದು ಸಿಕ್ಕಿರಲಿಲ್ಲ. ಅವರು ಅಥೆನ್ಸನ್ನು ನೋಡಿದ್ದು ಎಚ್ಚರಿಕೆಯ ಪಾಠವಾಗಿ. ಕ್ರಿ.ಪೂ. 406ರಲ್ಲಿ ಆರ್ಗಿನೂಸಿ ಕದನ ಗೆದ್ದ ಸೇನಾಪತಿಗಳನ್ನು, ನೀರಿಗೆ ಬಿದ್ದವರನ್ನು ಉಳಿಸಲಿಲ್ಲವೆಂದು ಒಟ್ಟಿಗೆ ಒಂದೇ ಮತದಲ್ಲಿ ಅಪರಾಧಿಗಳೆಂದು ತೀರ್ಮಾನಿಸಿ ಆರು ಜನರನ್ನು ಕೊಂದರು. ಬೇರೆ ಬೇರೆ ವಿಚಾರಣೆ ಆಗಬೇಕೆಂದು ಆ ದಿನ ಅಡ್ಡ ನಿಂತವನು ಸಾಕ್ರೆಟೀಸ್. ಆಮೇಲೆ ಕ್ರಿ.ಪೂ. 403ರ ಸುಮಾರಿಗೆ ಅಥೆನ್ಸಿನವರೇ ಖಾಯಂ ಕಾನೂನು ಬೇರೆ, ಸಭೆಯ ಆ ದಿನದ ನಿರ್ಣಯ ಬೇರೆ, ಎರಡನೆಯದು ಮೊದಲನೆಯದನ್ನು ಮೀರುವಂತಿಲ್ಲ ಎಂದು ಕಟ್ಟು ಮಾಡಿಕೊಂಡರು. ಇದನ್ನು ಹೋಲಿಕೆ ಅಂತಲೇ ಹೇಳುತ್ತಿದ್ದೇನೆ.

ನೇರ ಕೊಂಡಿ ಒಂದಿದೆ, ಅದನ್ನು ಕಡೆಗಣಿಸುತ್ತಾರೆ. 1830ರ ದಶಕದಲ್ಲಿ ಕಾಮನ್ಸ್ ಸಭೆಯಲ್ಲಿ ಗುಪ್ತ ಮತದಾನಕ್ಕಾಗಿ ಮತ್ತೆ ಮತ್ತೆ ಸೂಚನೆ ಮಂಡಿಸಿ ಸೋತ ಸದಸ್ಯ ಜಾರ್ಜ್ ಗ್ರೋಟ್. ಮುಂದೆ ಗ್ರೀಸಿನ ಇತಿಹಾಸ ಬರೆದು ಅಥೆನ್ಸಿಗೆ ಅಂಟಿದ್ದ ಕೆಟ್ಟ ಹೆಸರನ್ನು ಯುರೋಪಿನಲ್ಲಿ ತೊಳೆದವರೂ ಅವರೇ.

ತುಂಗಾತೀರ

ಸಮಾನತೆ ಅಂತ ಬಂದ ಮೇಲೆ ಅನುಭವ ಮಂಟಪದ ಹೆಸರೇ ಬರಲಿಲ್ಲವಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಅಕ್ಕಮಹಾದೇವಿ ಒಂದೇ ನೆಲದ ಮೇಲೆ ಕೂತು ವಾದ ಮಾಡಿದರು. ಅಥೆನ್ಸಿನಲ್ಲಿ ಹೆಂಗಸರಿಗೆ, ದಾಸರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಬಾಗಿಲೇ ಇರಲಿಲ್ಲ.

ಶಾಸನಪ್ರೇಮಿ

ಯಾರನ್ನು ಒಳಗೆ ಬಿಟ್ಟರು ಅನ್ನುವ ಪ್ರಶ್ನೆಯಲ್ಲಿ ಕಲ್ಯಾಣ ಅಥೆನ್ಸಿಗಿಂತ ಬಹಳ ಮುಂದಿತ್ತು, ತುಂಗಾತೀರ ಅವರೇ. ಆದರೆ ಬಯಲುಸೀಮೆ ಅವರು ಕೇಳಿದ್ದು ಸರ್ಕಾರದ ಅಂಗಗಳ ಕೊಂಡಿ. ಅನುಭವ ಮಂಟಪ ತೆರಿಗೆ ಹಾಕಿದ್ದಕ್ಕೆ, ಕಟ್ಟಳೆ ಹೊರಡಿಸಿದ್ದಕ್ಕೆ, ಅಧಿಕಾರಿಗಳನ್ನು ನೇಮಿಸಿದ್ದಕ್ಕೆ ಪುರಾವೆ ಇಲ್ಲ. ಅಲ್ಲಿನ ಗೋಷ್ಠಿಗಳ ಚಿತ್ರ ನಮಗೆ ಸಿಗುವುದು ಬಹುಪಾಲು 15ನೇ ಶತಮಾನ ಮತ್ತು ಅದರಾಚೆಗಿನ ಸಂಕಲನಗಳಲ್ಲಿ. ಅದರ ಬಲ ವಿಚಾರದ್ದು. ಶಾಸನಸಭೆಯ ನಿಯಮಾವಳಿಯ ಮೂಲವನ್ನು ಅಲ್ಲಿ ಹುಡುಕಿದರೆ ವಚನಕಾರರಿಗೇ ಅನ್ಯಾಯ.

ಉತ್ತರಮೇರೂರಿನದು ಆಡಳಿತದ ದಾಖಲೆಯೇ. ಒಂದನೇ ಪರಾಂತಕ ಚೋಳನ ಕಾಲದ, 919 ಮತ್ತು 921ರ ಎರಡು ಶಾಸನ. ಊರಿಗೆ 30 ವಾರ್ಡು. ಸಮಿತಿಗೆ ಸೇರಲು ಬೇಕಾದದ್ದು ತೆರಿಗೆ ಕಟ್ಟುವ ಕಾಲು ವೇಲಿಗಿಂತ (ವೇಲಿ ಅಂದರೆ ತಮಿಳು ನಾಡಿನ ಭೂ ಅಳತೆ) ಹೆಚ್ಚು ಜಮೀನು, ಸ್ವಂತ ನಿವೇಶನದಲ್ಲಿ ಮನೆ, 35ರ ಮೇಲೆ 70ರ ಒಳಗೆ ವಯಸ್ಸು, ವೇದಾಧ್ಯಯನ. ಕಳೆದ ಮೂರು ವರ್ಷದಲ್ಲಿ ಸಮಿತಿಯಲ್ಲಿದ್ದವನ ಹೆಸರು ಸೇರಿಸುವಂತಿಲ್ಲ. ಹೆಸರು ಬರೆದ ಓಲೆಗಳನ್ನು ವಾರ್ಡುವಾರು ಕಟ್ಟಿ ಕೊಡಕ್ಕೆ ಹಾಕಬೇಕು, ತುಂಬಿದ ಸಭೆಯಲ್ಲಿ ಅರ್ಚಕರ ಸಮ್ಮುಖದಲ್ಲಿ ಏನೂ ಅರಿಯದ ಮಗುವಿನ ಕೈಯಿಂದ ಎತ್ತಿಸಬೇಕು, ಬಂದ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಹೀಗೆ ವಾರ್ಷಿಕ ಸಮಿತಿಗೆ 12, ತೋಟದ ಸಮಿತಿಗೆ 12, ಕೆರೆಯ ಸಮಿತಿಗೆ 6 ಜನ.

ನನ್ನನ್ನು ಹಿಡಿದು ನಿಲ್ಲಿಸುವುದು ಅನರ್ಹತೆಯ ಪಟ್ಟಿ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಅನರ್ಹ. ಅವನ ಜೊತೆಗೆ ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು, ಸೋದರತ್ತೆಯ ಮಕ್ಕಳು, ಸೋದರಮಾವ, ಮಾವ, ಭಾವಮೈದ, ಅಳಿಯ ಎಲ್ಲರೂ ಹೊರಗೆ. ಊರಿನ ಹಣ ನುಂಗಿದವನು ತನ್ನ ನೆಂಟನನ್ನು ಕೂರಿಸಿ ಲೆಕ್ಕ ಮುಚ್ಚಿಹಾಕುವ ದಾರಿಯನ್ನು ಹನ್ನೊಂದು ಶತಮಾನದ ಹಿಂದೆಯೇ ಕಂಡುಕೊಂಡು ಮುಚ್ಚಿದ್ದರು. ಈಗಿನ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಚುನಾವಣಾ ವೆಚ್ಚದ ಲೆಕ್ಕವನ್ನು 30 ದಿನದಲ್ಲಿ ಕೊಡದಿದ್ದರೆ 10ಎ ಕಲಮಿನಡಿ ಮೂರು ವರ್ಷ ಅನರ್ಹತೆ ಆಗಬಹುದು. ನೆಂಟರ ಗೊಡವೆ ಅಲ್ಲಿಲ್ಲ.

ಮಿತಿಯನ್ನೂ ಹೇಳಲೇಬೇಕು. ಅದು ಬ್ರಹ್ಮದೇಯ, ಅಂದರೆ ಬ್ರಾಹ್ಮಣರಿಗೆ ದಾನ ಕೊಟ್ಟ ಊರು, ಸಭೆ ಬ್ರಾಹ್ಮಣ ಭೂಹಿಡುವಳಿದಾರರದ್ದು. ಶಾಸನ ವಿದ್ವಾಂಸರ ಕಣ್ಣಿಗೆ ಬಿದ್ದು ಪ್ರಕಟವಾಗುವ ಹೊತ್ತಿಗೆ ಬ್ರಿಟಿಷ್ ಮಾದರಿಯ ಕೌನ್ಸಿಲ್‌ಗಳು ಇಲ್ಲಿ ಬೇರುಬಿಟ್ಟಿದ್ದವು. ಹಾಗಿದ್ದೂ ಗ್ರಾಮಸಭೆಯ ಪರಂಪರೆಗೆ ಸಂವಿಧಾನದಲ್ಲಿ ಒಂದು ಸ್ಪಷ್ಟ ಜಾಗ ಸಿಕ್ಕಿತು. ಅಂಬೇಡ್ಕರ್ 1948ರ ನವೆಂಬರ್ 4ರಂದು ಹಳ್ಳಿ ಅಂದರೆ ಅಜ್ಞಾನ, ಸಂಕುಚಿತತೆ, ಕೋಮುವಾದದ ಗೂಡು ಎಂಬ ಅರ್ಥದ ಕಟುಮಾತು ಆಡಿದ್ದರು. ನವೆಂಬರ್ 22ರಂದು ಕೆ. ಸಂತಾನಂ ಅವರ ತಿದ್ದುಪಡಿಯಿಂದ ಗ್ರಾಮ ಪಂಚಾಯಿತಿಯ ನಿರ್ದೇಶಕ ತತ್ವ ಸೇರಿತು, ಈಗಿನ 40ನೇ ವಿಧಿ. ಅಂಬೇಡ್ಕರ್ ಅದನ್ನು ಒಪ್ಪಿಕೊಂಡರು. ಅವರು ತಾವಾಗಿ ನೆನೆದ ಪರಂಪರೆ ಬೇರೆ: 1949ರ ನವೆಂಬರ್ 25ರ ಭಾಷಣದಲ್ಲಿ ಬೌದ್ಧ ಭಿಕ್ಷು ಸಂಘಗಳ ಆಸನ ಕ್ರಮ, ಕೋರಂ, ಸೂಚನೆ ಮಂಡನೆ, ಮತ ಎಣಿಕೆ ಇವನ್ನು ಒಂದೊಂದಾಗಿ ಹೆಸರಿಸಿದರು.

ಮತಗಟ್ಟೆ

ಗ್ರೋಟ್ ಸೋತ ಮೇಲಿನ ಭಾಗ ಆಸ್ಟ್ರೇಲಿಯಾದ್ದು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಮತದಾರ ಎಲ್ಲರೆದುರು ಹೆಸರು ಹೇಳಬೇಕು, ಗುಮಾಸ್ತ ಅದನ್ನು ಬರೆದುಕೊಳ್ಳುತ್ತಾನೆ, ಆಮೇಲೆ ಯಾರು ಯಾರಿಗೆ ಹಾಕಿದರೆಂದು ಪುಸ್ತಕವೇ ಅಚ್ಚಾಗಿ ಮಾರಾಟ. ಗೇಣಿದಾರ ಜಮೀನ್ದಾರನ ಎದುರು ಹೋಗುವುದು ಹೇಗೆ? ಅಮೆರಿಕದಲ್ಲಿ ಚೀಟಿ ಇತ್ತು, ಆದರೆ ಪಕ್ಷಗಳೇ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಕೊಡುತ್ತಿದ್ದವು. ಪೆಟ್ಟಿಗೆಗೆ ಹಾಕುವಾಗ ಬಣ್ಣ ನೋಡಿದರೆ ಸಾಕು.

1856ರಲ್ಲಿ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು ಮಾಡಿದ ಉಪಾಯದಲ್ಲಿ ನಾಲ್ಕು ಅಂಶ ಒಟ್ಟಿಗೆ ಇರಬೇಕು. ಮತಪತ್ರ ಸರ್ಕಾರವೇ ಅಚ್ಚು ಹಾಕಿಸಬೇಕು, ಎಲ್ಲ ಅಭ್ಯರ್ಥಿಗಳ ಹೆಸರೂ ಒಂದೇ ಕಾಗದದಲ್ಲಿರಬೇಕು, ಮತಗಟ್ಟೆಯ ಒಳಗೆ ಮಾತ್ರ ಕೊಡಬೇಕು, ಮರೆಯಲ್ಲಿ ಗುರುತು ಹಾಕಬೇಕು. ಒಂದು ತಪ್ಪಿದರೂ ಗುಟ್ಟು ಸೋರುತ್ತದೆ. ಬ್ರಿಟನ್ 1872ರಲ್ಲಿ ಇದನ್ನು ತೆಗೆದುಕೊಂಡಿತು. ಮೊದಲ ಪ್ರಯೋಗ ಆ ಆಗಸ್ಟ್ 15ರಂದು ಪಾಂಟಿಫ್ರ್ಯಾಕ್ಟ್ ಉಪಚುನಾವಣೆ.

ನಮ್ಮ 1951-52ರ ಮಹಾಚುನಾವಣೆ ಈ ನಾಲ್ಕರಲ್ಲಿ ಎರಡನ್ನು ಬಿಟ್ಟಿತು, ಕಾರಣವೂ ಸರಿಯಾದದ್ದೇ. 17 ಕೋಟಿ ದಾಟಿದ ಮತದಾರರಲ್ಲಿ ಬಹುಪಾಲು ಜನಕ್ಕೆ ಓದು ಬಾರದು. ಹಾಗಾಗಿ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಏರ್ಪಾಡಿನಲ್ಲಿ ಅಭ್ಯರ್ಥಿಗೊಂದು ಉಕ್ಕಿನ ಪೆಟ್ಟಿಗೆ, ಮೇಲೆ ಚಿಹ್ನೆ. ಚೀಟಿಗೆ ಏನೂ ಗುರುತು ಹಾಕಬೇಕಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರೆ ಆಯಿತು. ದೋಷ ಅಲ್ಲೇ ಹುಟ್ಟಿತು. ಪೆಟ್ಟಿಗೆಗಳು ಮರೆಯಲ್ಲಿದ್ದುದರಿಂದ ಚೀಟಿ ಹಾಕದೆ ಜೇಬಿನಲ್ಲಿಟ್ಟು ಹೊರಗೆ ತಂದು ಮಾರಬಹುದಿತ್ತು, ಕೊಂಡವನು ತನ್ನ ಸರದಿಯಲ್ಲಿ ಹಲವನ್ನು ಒಟ್ಟಿಗೆ ತುರುಕಬಹುದಿತ್ತು. ಕೆಲವರು ಪೆಟ್ಟಿಗೆಯ ಒಳಗೆ ಹಾಕುವ ಬದಲು ಮೇಲೆ ಇಟ್ಟು ಬಂದರು. 1962ಕ್ಕೆ ಎಲ್ಲ ಹೆಸರು, ಚಿಹ್ನೆ ಇರುವ ಒಂದೇ ಮತಪತ್ರ, ಎಲ್ಲರ ಕಣ್ಣೆದುರು ಇಟ್ಟ ಒಂದೇ ಪೆಟ್ಟಿಗೆ. ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿಯೂ ಅದೇ ಚುನಾವಣೆಯಿಂದ.

ಮೊದಲ ಪಟ್ಟಿಯಲ್ಲಿ ಇನ್ನೊಂದು ಪೆಟ್ಟು ಬಿದ್ದದ್ದು ಹೆಂಗಸರಿಗೆ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ, ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರ ನೋಂದಣಿ ರದ್ದಾಯಿತು. ಸೇನ್ ಅವರ ನಿರ್ಧಾರ ಕಠಿಣ ಅನಿಸುತ್ತದೆ. ಆದರೂ ಮತ ಒಬ್ಬ ವ್ಯಕ್ತಿಯದು, ಮನೆತನದ್ದಲ್ಲ ಅನ್ನುವುದು ಈ ದೇಶದ ಕಡತದಲ್ಲಿ ಗಟ್ಟಿಯಾದದ್ದು ಆಗಲೇ.

ಬಯಲುಸೀಮೆ

ಇವಿಎಂಗೂ ಈ ಹಳೇ ತತ್ವಕ್ಕೂ ಸಂಬಂಧ ಇದೆಯಾ ಮತಗಟ್ಟೆ ಸರ್?

ಮತಗಟ್ಟೆ

ಇದೆ, ಅದೂ 1689ರ ತತ್ವಕ್ಕೆ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರ ಬಳಸಿದರು. ಸೋತ ಎ.ಸಿ. ಜೋಸ್ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಯಂತ್ರ ಕೆಟ್ಟದ್ದೆಂದಲ್ಲ. ಶಾಸನಸಭೆ ಕಾನೂನು ಮಾಡದೆ ಆಯೋಗ ತನ್ನ ಆದೇಶದ ಮೇಲಷ್ಟೇ ಮತದಾನದ ವಿಧಾನ ಬದಲಿಸುವಂತಿಲ್ಲ ಎಂದು. ಆ ಮತಗಟ್ಟೆಗಳಲ್ಲಿ ಮರುಮತದಾನವಾಗಿ ಜೋಸ್ ಗೆದ್ದರು. ಆಮೇಲೆ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿಯಾಗಿ ಯಂತ್ರಕ್ಕೆ ಅವಕಾಶ ಕೊಡುವ 61ಎ ಕಲಮು ಬಂತು.

ಮತಗಟ್ಟೆ ಏಜೆಂಟರಾಗಿ ಕೂರುವವರಿಗೆ ಒಂದು ಮಾತು: ಮತದಾನ ಮುಗಿದಾಗ 17ಸಿ ನಮೂನೆಯ ಪ್ರತಿ ಸಹಿಯೊಡನೆ ಪಡೆಯದೆ ಏಳಬೇಡಿ. ಒಟ್ಟು ಎಷ್ಟು ಮತ ಬಿದ್ದವು, ಯಂತ್ರದ ಸಂಖ್ಯೆ, ಮುದ್ರೆಯ ಸಂಖ್ಯೆ ಅದರಲ್ಲಿರುತ್ತದೆ. ಎಣಿಕೆಯ ದಿನ ತಾಳೆ ನೋಡಲು ಬೇಕಾದದ್ದು ಅದೇ ಕಾಗದ.

ಕಡಲತಡಿ

ಕೋರ್ಟಿನ ಪ್ರಭಾವದ ಬಗ್ಗೆ ಯಾರೂ ಬರೆಯಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರು. 1947ರ ಅಕ್ಟೋಬರಿನ ಅವರ ಮೊದಲ ಕರಡಿನಲ್ಲಿ 243 ವಿಧಿ, 13 ಅನುಸೂಚಿ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ನ್ಯಾಯಾಧೀಶರನ್ನು ಕಂಡು ಬಂದರು. ನಿರ್ದೇಶಕ ತತ್ವಗಳು ಐರ್ಲೆಂಡಿನ 1937ರ ಸಂವಿಧಾನದಿಂದ ಬಂದವು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರ್ಯಾಂಕ್‌ಫರ್ಟರ್ ಜೊತೆಗಿನ ಮಾತಿನ ಪರಿಣಾಮ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯ 21ನೇ ವಿಧಿಯಲ್ಲಿದೆ. ನ್ಯಾಯಯುತ ಪ್ರಕ್ರಿಯೆಯ ಮಾನದಂಡ ಇಟ್ಟರೆ ಜನ ಆರಿಸಿದ ಶಾಸನಸಭೆಯ ಕಾಯ್ದೆಗಳನ್ನು ನ್ಯಾಯಾಧೀಶರು ಬೇಕಾದಂತೆ ಹೊಡೆದುಹಾಕಬಹುದೆಂಬ ಎಚ್ಚರಿಕೆ ಅದು. ಹಾಗಾಗಿ ಕಾನೂನು ವಿಧಿಸಿದ ಕಾರ್ಯವಿಧಾನ ಎಂಬ ಪದಗಳು ಬಂದವು. ಅದರ ಬೆಲೆಯನ್ನು ಮುನ್ನೆಚ್ಚರಿಕೆ ಬಂಧನದ ಕೈದಿಗಳು ತೆತ್ತರು. 1978ರ ಮನೇಕಾ ಗಾಂಧಿ ತೀರ್ಪಿನಲ್ಲಿ ಆ ವಿಧಾನ ನ್ಯಾಯಯುತವೂ ಆಗಿರಬೇಕೆಂದು ಕೋರ್ಟ್ ಹೇಳುವವರೆಗೆ.

ಕರಡುಪ್ರತಿ

ಎರವಲಿನಲ್ಲಿ ಕೆಟ್ಟದ್ದೂ ಬಂತು. 1935ರ ಭಾರತ ಸರ್ಕಾರ ಕಾಯ್ದೆಯ 93ನೇ ಕಲಮು ಗವರ್ನರನಿಗೆ ಪ್ರಾಂತ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಲು ಬಿಟ್ಟಿತ್ತು. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಾಗ ಬಳಸಿದ್ದು ಅದನ್ನೇ. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಬಿಡುವ ನಮ್ಮ 356ನೇ ವಿಧಿಗೆ ಮಾದರಿ ಅದೇ.

ಹಳೇಮೈಸೂರು

ಅದಕ್ಕೆ ಕಡಿವಾಣ ಬಿದ್ದದ್ದು ಕರ್ನಾಟಕದ ಮೊಕದ್ದಮೆಯಿಂದ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದ ಪತ್ರಗಳ ಆಧಾರದ ಮೇಲೆ ರಾಜ್ಯಪಾಲ ವೆಂಕಟಸುಬ್ಬಯ್ಯ 19ರಂದು ವರದಿ ಕಳಿಸಿದರು. ಮರುದಿನವೇ ಅವರಲ್ಲಿ 7 ಜನ ನಮ್ಮ ಸಹಿ ತಪ್ಪು ತಿಳಿಸಿ ಪಡೆದದ್ದು ಎಂದರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲೇ ಬಹುಮತ ತೋರಿಸುತ್ತೇನೆ, 27ಕ್ಕೆ ಅಧಿವೇಶನ ಇದೆ ಎಂದರು. 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಆ ವಜಾ ಅಸಾಂವಿಧಾನಿಕ ಎಂದಿತು. ಬಹುಮತ ಅಳೆಯುವ ಜಾಗ ರಾಜಭವನವಲ್ಲ, ಸದನ. ಘೋಷಣೆಯನ್ನು ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದಷ್ಟೆ.

ತೀರ್ಪು ಬರುವ ಹೊತ್ತಿಗೆ ಬೊಮ್ಮಾಯಿಯವರ ಸರ್ಕಾರ ಹೋಗಿ ಐದು ವರ್ಷ, ನಡುವೆ ಚುನಾವಣೆಯೂ ಆಗಿತ್ತು. ಅವರಿಗೆ ಏನೂ ಮರಳಲಿಲ್ಲ.

ಬಯಲುಸೀಮೆ

2018ರಲ್ಲಿ ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟ 15 ದಿನವನ್ನು ಕೋರ್ಟ್ ಇಳಿಸಿದ್ದೂ ಇದೇ ದಾರೀಲಾ?

ಹಳೇಮೈಸೂರು

ಇದೇ ದಾರಿ. ಮೇ 19ರ ಸಂಜೆ 4 ಗಂಟೆಗೆ ಬಹುಮತ ಸಾಬೀತು ಆಗಬೇಕು, ಹಂಗಾಮಿ ಸ್ಪೀಕರ್ ಕೂತು ಸದಸ್ಯರಿಗೆ ಪ್ರಮಾಣ ಬೋಧಿಸಿದ ಮೇಲೆ ನಡೆಸಬೇಕು, ಗುಪ್ತ ಮತದಾನ ಇಲ್ಲ ಎಂದು ಕೋರ್ಟ್ ಹೇಳಿತು. ಮತಗಟ್ಟೆಯಲ್ಲಿ ಪ್ರಜೆಯ ಮತ ಗುಟ್ಟಾಗಿರಬೇಕು, ಸದನದಲ್ಲಿ ಪ್ರತಿನಿಧಿಯ ಮತ ಪ್ರಜೆಗೆ ಕಾಣಬೇಕು. ಅವತ್ತು ಮತಕ್ಕೆ ಹಾಕುವ ಮುಂಚೆಯೇ ಅವರು ರಾಜೀನಾಮೆ ಘೋಷಿಸಿದರು.